ಹೋಂವರ್ಕ್ ಮರಾಠಿಯದು, ಮಾತು ಕನ್ನಡದ್ದು

‘ನಿಂಗೇ ಮರಾಠಿ ಬರಲ್ಲ, ಮಗಳಿಗೆ ಹೋಂವರ್ಕ್ ಯಾರೇ ಮಾಡಿಸ್ತಾರೆ?’

ಶಿಕಾರಿಪುರದಿಂದ ಫೋನ್ ಮಾಡುವ ನೆಂಟರು ಊಟ ಆಯ್ತಾ, ಮಳೆ ಬಂತಾ ಎಂದೆಲ್ಲ ವಿಚಾರಿಸಿ ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಗೆ. ‘ಅವಳೇ ಮಾಡ್ಕೊಳ್ತಾಳೆ, ನಾನು ಕನ್ನಡದಲ್ಲಿ ಕೇಳಿಸ್ಕೊಳ್ತೀನಿ’ ಎಂದರೆ ಯಾರಿಗೂ ಸಮಾಧಾನವಿಲ್ಲ. ತಾಯಿ ಸೋಮಾರಿ ಎಂದುಕೊಳ್ಳುತ್ತಾರೋ ಏನೋ. ಶಾಲೆಯ ಭಾಷೆ ಬಾರದ ತಾಯಿ ಹೋಂವರ್ಕಿನ ಹೊತ್ತಿಗೆ ಮಾಡಬಹುದಾದ ಅತಿ ದೊಡ್ಡ ಕೆಲಸವೇ ಅದು ಎಂದು ಅವರಿಗೆ ಫೋನಿನಲ್ಲಿ ವಿವರಿಸಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ಬಂದು ಸೇರಿದ್ದು ಸಟಾಣಾಕ್ಕೆ. ನಾಸಿಕ್ ಜಿಲ್ಲೆಯ ಬಾಗಲಾಣ ತಾಲ್ಲೂಕಿನ ಮುಖ್ಯ ಊರು ಇದು. ಸುತ್ತ ಈರುಳ್ಳಿ, ದಾಳಿಂಬೆ, ದ್ರಾಕ್ಷಿ ತೋಟಗಳು. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಮರಾಠಿ ಮಾಧ್ಯಮದ ಪ್ರಾಥಮಿಕ ಶಾಲೆ. ಬೀದಿಯ ಮಕ್ಕಳೆಲ್ಲ ಅಲ್ಲಿಗೇ ಹೋಗುವವರು. ಮಗಳನ್ನೂ ಅಲ್ಲಿಗೇ ಸೇರಿಸಿದೆವು. ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದರೂ ಮರಾಠಿಯಿಂದ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ಮಹಾರಾಷ್ಟ್ರದ 2020ರ ಕಾನೂನಿನ ಪ್ರಕಾರ ಯಾವ ಮಾಧ್ಯಮದ, ಯಾವ ಬೋರ್ಡಿನ ಶಾಲೆಯಾದರೂ ಒಂದರಿಂದ ಹತ್ತನೇ ತರಗತಿಯವರೆಗೆ ಮರಾಠಿ ಕಲಿಸಲೇಬೇಕು. ಹೈಸ್ಕೂಲಿನಲ್ಲಿ ಕಲಿತ ಹಿಂದಿಯ ದಯೆಯಿಂದ ನನಗೆ ಲಿಪಿ ಓದಲು ಬರುತ್ತದೆ. ಓದಿದ್ದರಲ್ಲಿ ಅರ್ಧ ಅರ್ಥವಾಗುತ್ತದೆ, ಉಳಿದರ್ಧ ಅರ್ಥವಾದಂತೆ ಅನ್ನಿಸುತ್ತದೆ. ಹೆಚ್ಚು ಅಪಾಯ ಆ ಎರಡನೇ ಅರ್ಧದ್ದೇ.

ತರಗತಿಯಲ್ಲಿ ಅವಳೊಬ್ಬಳೇ ಅಲ್ಲ

ಮರಾಠಿ ಊರಿನಲ್ಲಿ ನಮ್ಮ ಮಗಳೊಬ್ಬಳೇ ಹೊರಗಿನವಳು ಎಂಬ ಭಯ ಮೊದಲಿಗಿತ್ತು. ಪಕ್ಕದ ಮನೆಯ ಕಾಕು (ಅಂದರೆ ಚಿಕ್ಕಮ್ಮ) ಮೊಮ್ಮಗನನ್ನು ಬೈಯುವುದನ್ನು ಕೇಳಿ ಅದು ಇಳಿಯಿತು. ಅವರು ಆಡುತ್ತಿದ್ದುದು ಪುಸ್ತಕದ ಮರಾಠಿಯಲ್ಲ, ಅಹಿರಾಣಿ. ಖಾನದೇಶ ಮತ್ತು ಬಾಗಲಾಣದ ಮನೆಮಾತು ಅದು. 2011ರ ಜನಗಣತಿಯಲ್ಲಿ ಅಹಿರಾಣಿಯೂ ಸೇರಿದಂತೆ ಖಾನದೇಶಿ ಮಾತನಾಡುವವರೆಂದು ಬರೆಸಿದವರು 18 ಲಕ್ಷಕ್ಕೂ ಹೆಚ್ಚು. ತಾಲ್ಲೂಕಿನ ಪಶ್ಚಿಮಕ್ಕೆ, ಸಾಲ್ಹೇರ್ ಮುಲ್ಹೇರ್ ಬೆಟ್ಟಗಳ ಕಡೆ ಹೋದರೆ ಕೋಕಣಾ, ಭಿಲ್ಲ ಮನೆಗಳ ಮಕ್ಕಳು ಸಿಗುತ್ತಾರೆ; ಅವರ ಮನೆಮಾತು ಇನ್ನೂ ಬೇರೆ. ಪುಸ್ತಕದಲ್ಲಿರುವ ಮರಾಠಿಯನ್ನೇ ಮನೆಯಲ್ಲಿ ಕೇಳಿ ಬೆಳೆದ ಮಕ್ಕಳು ಇಲ್ಲಿನ ತರಗತಿಗಳಲ್ಲಿ ಕಡಿಮೆಯೇ.

ಮಗಳಿಗೆ ಕಲಿಸುವ ಬಾಯಿಗೆ (ಇಲ್ಲಿ ಟೀಚರನ್ನು ಕರೆಯುವುದೇ ಹಾಗೆ) ಇದು ಹೊಸದಲ್ಲ. ಮೊದಲ ಸಭೆಯಲ್ಲಿ ನಾನು ಹರಕು ಹಿಂದಿಯಲ್ಲಿ ಅಳಲು ತೋಡಿಕೊಂಡಾಗ ಅವರು ಹೇಳಿದ್ದು ಇಷ್ಟು: ‘ನೀವು ಮರಾಠಿ ಕಲಿಸಬೇಡಿ, ಅದು ನನ್ನ ಕೆಲಸ. ನಿಮ್ಮ ಭಾಷೆಯಲ್ಲಿ ಅವಳ ಹತ್ತಿರ ಮಾತಾಡಿಸಿ.’

ಅದರ ಹಿಂದೆ ದೊಡ್ಡ ವಿಚಾರವಿದೆ ಎಂದು ಗೊತ್ತಾದದ್ದು ಆಮೇಲೆ, ಬೇರೆ ದೇಶಗಳ ಕಥೆ ಓದಿದಾಗ. ಐರ್ಲೆಂಡಿನಲ್ಲಿ ಗೇಲ್‌ಸ್ಕೊಲ್ ಎಂಬ ಶಾಲೆಗಳಿವೆ. ಅಲ್ಲಿ ಪಾಠವೆಲ್ಲ ಐರಿಶ್ ಭಾಷೆಯಲ್ಲಿ. ಆದರೆ ಬರುವ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ಇಂಗ್ಲಿಷ್. ಅಪ್ಪ ಅಮ್ಮಂದಿರಿಗೆ ತಾವು ಶಾಲೆಯಲ್ಲಿ ಕಲಿತು ಮರೆತ ನಾಲ್ಕು ಐರಿಶ್ ವಾಕ್ಯ ಬಂದರೆ ಹೆಚ್ಚು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಕೆಲವು ಕುಟುಂಬಗಳು ತಾವೇ ಐರಿಶ್ ಕಲಿತು, ಒಂದೆಡೆ ಮನೆ ಕಟ್ಟಿಕೊಂಡು, 1971ರಲ್ಲಿ ಒಂಬತ್ತು ಮಕ್ಕಳ ಶಾಲೆ ತೆರೆದವು. ಎಲ್ಲ ತಂದೆತಾಯಿಗಳಿಗೂ ಅಷ್ಟು ಸಾಧ್ಯವಿಲ್ಲ. ಕೆನಡಾದ ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟಿನಲ್ಲಿ 1965ರಲ್ಲಿ ಇಂಗ್ಲಿಷ್ ಮನೆಗಳ ಪೋಷಕರು ಪಟ್ಟುಹಿಡಿದು ತಮ್ಮ ಮಕ್ಕಳಿಗೆ ಫ್ರೆಂಚಿನಲ್ಲಿ ಪಾಠ ಶುರುಮಾಡಿಸಿದರು. ಮನೋವಿಜ್ಞಾನಿ ವ್ಯಾಲೇಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು ಆ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಮಕ್ಕಳು ಫ್ರೆಂಚ್ ಕಲಿತರು, ಇಂಗ್ಲಿಷಿನಲ್ಲೂ ಹಿಂದೆ ಬೀಳಲಿಲ್ಲ. ಒಂದು ಭಾಷೆಯಲ್ಲಿ ಅರ್ಥಮಾಡಿಕೊಂಡದ್ದು ಇನ್ನೊಂದು ಭಾಷೆಗೂ ದಾಟುತ್ತದೆ ಎಂದು ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1979ರಲ್ಲಿ ವಾದ ಮಂಡಿಸಿದರು. ಕಳೆಯುವ ಲೆಕ್ಕವನ್ನು ಕನ್ನಡದಲ್ಲಿ ಅರಿತ ಮಗು ಮರಾಠಿಯಲ್ಲಿ ಅದನ್ನು ಮತ್ತೆ ಅರಿಯಬೇಕಿಲ್ಲ. ಅದಕ್ಕೆ ಮಾತು ಹೊಂದಿಸಿಕೊಂಡರೆ ಸಾಕು.

ಲೆಕ್ಕದಲ್ಲಿ ಕನ್ನಡವೇ ಗೆಳತಿ

ನಮ್ಮ ಮನೆಯಲ್ಲಿ ಇದು ಕಣ್ಣಿಗೆ ಕಂಡದ್ದು ಗಣಿತದಲ್ಲಿ. ಮರಾಠಿಯ ಸಂಖ್ಯೆಗಳಲ್ಲಿ ಬಿಡಿ ಮೊದಲು, ಹತ್ತು ಆಮೇಲೆ. 63ಕ್ಕೆ ‘ತ್ರೇಸಷ್ಟ’. ಮೂರು ಮೊದಲು ಕಿವಿಗೆ ಬೀಳುತ್ತದೆ, ಮಗು 36 ಎಂದು ಬರೆಯುತ್ತದೆ. 29 ಇನ್ನೂ ಗೋಜಲು: ‘ಏಕೋಣತೀಸ್’, ಮೂವತ್ತಕ್ಕೆ ಒಂದು ಕಡಿಮೆ. ಇಪ್ಪತ್ತರ ಗುಂಪಿನ ಸಂಖ್ಯೆಗೆ ಮೂವತ್ತರ ಹೆಸರು. 39, 49, 59 ಹೀಗೇ ಸಾಗಿ 89ರವರೆಗೂ ಅದೇ ಕ್ರಮ. ಹಾಗಾದರೆ 99 ‘ನೂರಕ್ಕೆ ಒಂದು ಕಡಿಮೆ’ ಆಗಬೇಕಲ್ಲ? ಇಲ್ಲ, ಅದು ‘ನವ್ಯಾಣ್ಣವ್’.

ಇದು ಮರಾಠಿ ಮಕ್ಕಳಿಗೂ ಕಷ್ಟವೇ. 2019ರ ಜೂನ್‌ನಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ 21ಕ್ಕೆ ‘ಏಕವೀಸ್’ ಜೊತೆಗೆ ‘ವೀಸ್ ಏಕ್’ ಎಂದೂ, 63ಕ್ಕೆ ‘ಸಾಠ್ ತೀನ್’ ಎಂದೂ ಹೇಳುವ ಕ್ರಮ ಬಂದಾಗ ದೊಡ್ಡ ಗದ್ದಲವೇ ಎದ್ದಿತು. ಪತ್ರಿಕೆಗಳಲ್ಲಿ ಚರ್ಚೆ, ವಿಧಾನಸಭೆಯಲ್ಲಿ ವ್ಯಂಗ್ಯ. ಗಣಿತ ವಿಷಯ ಸಮಿತಿಯ ಅಧ್ಯಕ್ಷೆಯಾಗಿದ್ದ ಗಣಿತಜ್ಞೆ ಮಂಗಲಾ ನಾರಳೀಕರ್ ತಮ್ಮ ಸಮರ್ಥನೆಯಲ್ಲಿ ದಕ್ಷಿಣದ ಭಾಷೆಗಳತ್ತ ಬೆರಳು ತೋರಿದರು: ಬರೆಯುವ ಕ್ರಮದಲ್ಲೇ ಹೇಳಿದರೆ ಮಕ್ಕಳಿಗೆ ಸುಲಭ. ಕನ್ನಡದ ‘ಅರವತ್ತಮೂರು’ ಮೊದಲಿನಿಂದಲೂ ಮಾಡಿಕೊಂಡು ಬಂದಿರುವುದು ಅದನ್ನೇ.

ಹಾಗಾಗಿ ನಮ್ಮ ಮನೆಯಲ್ಲಿ ಮಗಳು ಸಂಖ್ಯೆ ಬರೆಯುವ ಮೊದಲು ಕನ್ನಡದಲ್ಲಿ ಹೇಳಿಕೊಳ್ಳುತ್ತಾಳೆ. ತ್ರೇಸಷ್ಟ ಎಂದು ಬಾಯಿ ಹೇಳಿದರು, ಅರವತ್ತಮೂರು ಎಂದು ಇವಳು ಗೊಣಗಿದಳು, ಆರು ಮೂರು ಎಂದು ಕೈ ಬರೆಯಿತು. ಶಾಲೆಯಲ್ಲಿ ಯಾರಿಗೂ ಇಲ್ಲದ ಒಂದು ಅನುಕೂಲ ಅವಳಿಗಿದೆ.

ಗಣಿತದ ಮಾತುಗಳಲ್ಲೂ ಅಚ್ಚರಿ ಕಾದಿತ್ತು. ಮರಾಠಿಯಲ್ಲಿ ಕೂಡುವುದು ‘ಬೇರೀಜ್’, ಕಳೆಯುವುದು ‘ವಜಾಬಾಕೀ’, ಉಳಿದದ್ದು ‘ಶಿಲ್ಲಕ್’. ಬೇರೀಜು, ವಜಾ, ಬಾಕಿ, ಶಿಲ್ಕು ಎಂದು ನಮ್ಮ ತಾತ ಜಮಾಖರ್ಚಿನ ಪುಸ್ತಕದಲ್ಲಿ ಬರೆಯುತ್ತಿದ್ದುದು ಇವನ್ನೇ. ‘ರೈತನ ಹತ್ತಿರ 63 ಕ್ರೇಟ್ ದಾಳಿಂಬೆ ಇತ್ತು, 28 ಮಾರಿದ, ಶಿಲ್ಲಕ್ ಎಷ್ಟು?’ ಎಂಬ ಲೆಕ್ಕವನ್ನು ನಾನು ಬಿಡಿಸಿಕೊಡುವುದಿಲ್ಲ. ‘ಏನು ಕೇಳಿದ್ದಾರೆ, ಕನ್ನಡದಲ್ಲಿ ಹೇಳು’ ಎನ್ನುತ್ತೇನೆ. ಅವಳು ಹೇಳಿದರೆ ಅರ್ಧ ಕೆಲಸ ಮುಗಿಯಿತು. ಹೇಳಲಾಗದಿದ್ದರೆ ತೊಡಕು ಗಣಿತದ್ದಲ್ಲ, ಯಾವುದೋ ಒಂದು ಪದದ್ದು ಎಂದು ಗೊತ್ತಾಗುತ್ತದೆ. ಆ ಪದದ ಕೆಳಗೆ ಪೆನ್ಸಿಲ್ ಗೆರೆ ಎಳೆದು ಮುಂದೆ ಹೋಗುತ್ತೇವೆ. ಮರುದಿನ ಅವಳು ಬಾಯಿಯನ್ನು ಕೇಳಿಕೊಂಡು ಬರುತ್ತಾಳೆ.

ಒಂದಕ್ಕೆ ಮಾತ್ರ ಕನ್ನಡ ಬೆರೆಸುವುದಿಲ್ಲ. ಅದು ಮಗ್ಗಿ. ‘ಬೇ ಏಕೇ ಬೇ, ಬೇ ದುಣೇ ಚಾರ್, ಬೇ ತ್ರಿಕ್ ಸಹಾ’ ಎಂದು ತರಗತಿಯೆಲ್ಲ ಒಟ್ಟಿಗೆ ಹಾಡುವುದಕ್ಕೆ ಒಂದು ಲಯವಿದೆ. ಮಗ್ಗಿ ನಿಲ್ಲುವುದೇ ಲಯದ ಮೇಲೆ. ಎರಡೊಂದ್ಲೆ ಎರಡು ಎಂದು ನಾನು ನಡುವೆ ತೂರಿದರೆ ಎರಡು ಹಾಡೂ ಕೆಡುತ್ತವೆ.

ತಾಯಿ ಬಾಯಿ ಹಾಕಬಾರದ ಕಡೆ

ಭಾಷಾ ಪುಸ್ತಕದ ಅಭ್ಯಾಸಗಳ ಕಥೆ ಬೇರೆ. ಇಲ್ಲಿ ನಮ್ಮ ಕನ್ನಡ ತಲೆ ಆತ್ಮವಿಶ್ವಾಸದಿಂದಲೇ ದಾರಿ ತಪ್ಪಿಸಬಲ್ಲದು.

ಕನ್ನಡದಲ್ಲಿ ಬಾಗಿಲು, ಕಿಟಕಿ, ಮನೆ ಎಲ್ಲವೂ ‘ಅದು’. ಮರಾಠಿಯಲ್ಲಿ ‘ತೋ ದರ್ವಾಜಾ’, ‘ತೀ ಖಿಡಕೀ’, ‘ತೇ ಘರ್’: ಒಂದು ಗಂಡು, ಒಂದು ಹೆಣ್ಣು, ಒಂದು ನಪುಂಸಕ. ಅಷ್ಟಕ್ಕೇ ಮುಗಿಯುವುದಿಲ್ಲ, ದೊಡ್ಡದು ಎಂಬ ಗುಣವೂ ಬದಲಾಗಬೇಕು: ಮೋಠಾ ದರ್ವಾಜಾ, ಮೋಠೀ ಖಿಡಕೀ, ಮೋಠಂ ಘರ್. ಹುಡುಗ ‘ಮೀ ಜಾತೋ’ ಎಂದರೆ ಹುಡುಗಿ ‘ಮೀ ಜಾತೇ’ ಎನ್ನಬೇಕು. ಹಿಂದಿ ಬಂದರೂ ಇದು ಪೂರ್ತಿ ನೀಗುವುದಿಲ್ಲ, ಹಿಂದಿಯಲ್ಲಿ ಇರುವುದು ಎರಡೇ ಲಿಂಗ. ‘ಲಿಂಗ ಗುರುತಿಸಿ’ ಎಂಬ ಹೋಂವರ್ಕಿಗೆ ಊಹೆಯ ಮೇಲೆ ಉತ್ತರ ಹೇಳಿಕೊಡುವುದಕ್ಕಿಂತ ‘ನಿನ್ನ ಗೆಳತಿಯರು ಏನಂತಾರೆ, ನೆನಪು ಮಾಡ್ಕೋ’ ಎನ್ನುವುದು ಒಳ್ಳೆಯದು. ಆಟದ ಬಯಲಿನಲ್ಲಿ ಕೇಳಿದ ಕಿವಿ ನಮ್ಮ ವ್ಯಾಕರಣಕ್ಕಿಂತ ನಂಬಿಕಸ್ತ. ಹೊಸ ಪದ ಸಿಕ್ಕಾಗೆಲ್ಲ ತೋ, ತೀ, ತೇ ಸೇರಿಸಿಯೇ ಬರೆದುಕೊಳ್ಳುವ ಅಭ್ಯಾಸ ಮಾಡಿಸಿದ್ದೇವೆ.

‘ನಮ್ಮ’ ಎಂಬಲ್ಲೂ ಒಂದು ತೊಡಕಿದೆ. ಕೇಳುವವರನ್ನು ಸೇರಿಸಿಕೊಂಡ ‘ನಾವು’ ಮರಾಠಿಯಲ್ಲಿ ‘ಆಪಣ್’, ಅವರನ್ನು ಬಿಟ್ಟ ‘ನಾವು’ ‘ಆಮ್ಹೀ’. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. ‘ನಮ್ಮ ಊರು’ ಎಂದು ನೆಂಟರಿಗೆ ಕಾಗದ ಬರೆಯುವ ಅಭ್ಯಾಸದಲ್ಲಿ ಯಾವುದನ್ನು ಬಳಸಬೇಕೆಂದು ಎಂಟು ವರ್ಷದ ಹುಡುಗಿಗೆ ನನಗಿಂತ ಬೇಗ ಹೊಳೆಯುತ್ತದೆ.

ಇನ್ನು ಶುದ್ಧಲೇಖನ, ಅಂದರೆ ಪುಸ್ತಕ ನೋಡಿ ದುಂಡಗೆ ಬರೆಯುವ ನಿತ್ಯದ ಕಾಪಿ. ಕನ್ನಡದಲ್ಲಿ ಕವಿ, ಗುರು ಎರಡಕ್ಕೂ ಕೊನೆಗೆ ಹ್ರಸ್ವ. 1962ರಲ್ಲಿ ಒಪ್ಪಿತವಾದ ಮರಾಠಿ ಬರವಣಿಗೆಯ ನಿಯಮಗಳ ಪ್ರಕಾರ ಪದದ ಕೊನೆಯ ಇಕಾರ ಉಕಾರಗಳು ದೀರ್ಘ: ಕವೀ, ಗುರೂ. ಸಮಾಸದಲ್ಲಿ ಮತ್ತೆ ಹ್ರಸ್ವ: ಕವಿರಾಜ, ಗುರುದಕ್ಷಿಣಾ. ಸಂಸ್ಕೃತ ಪದ ತಾನೇ, ನನಗೆ ಗೊತ್ತು ಎಂದು ತಿದ್ದಲು ಹೊರಡುವ ಕನ್ನಡ ತಾಯಂದಿರು ಇಲ್ಲಿ ಕೈ ಕಟ್ಟಿ ಕೂರಬೇಕು. ಉಚ್ಚಾರಣೆಯಲ್ಲೂ ಅಷ್ಟೆ. ಮರಾಠಿಯ ಚ, ಜ ಅಕ್ಷರಗಳಿಗೆ ಎರಡೆರಡು ಸದ್ದು. ಚಾರ್ ಎಂಬಲ್ಲಿ ನಮ್ಮದೇ ಚ. ಚಮಚಾ ಎಂಬಲ್ಲಿ ನಾಲಿಗೆ ಹಲ್ಲಿಗೆ ತಾಗಿ ‘ತ್ಸ’ ಎನ್ನುತ್ತದೆ. ಅಕ್ಷರ ನೋಡಿದರೆ ವ್ಯತ್ಯಾಸ ತಿಳಿಯದು. ಓದಿಸುವ ಕೆಲಸವನ್ನು ಕಾಕುವಿಗೆ ಒಪ್ಪಿಸಿದ್ದೇನೆ. ಮಗಳು ಪುಸ್ತಕ ಹಿಡಿದು ಅವರ ಅಂಗಳದಲ್ಲಿ ಓದುತ್ತಾಳೆ. ಕಾಕು ಅವರೆಕಾಯಿ ಸುಲಿಯುತ್ತ ‘ಹಂ, ಪುಢೇ’ (ಹೂಂ, ಮುಂದೆ) ಎನ್ನುತ್ತಾರೆ. ಅಹಿರಾಣಿ ಆಡುವ ಕಾಕುವಿಗೂ ಪುಸ್ತಕದ ಮಾತು ಕೇಳುವುದು ಖುಷಿ. ನಮ್ಮ ಕಡೆಯಿಂದ ಚಿತ್ರಾನ್ನ, ಅವರ ಕಡೆಯಿಂದ ಉಚ್ಚಾರಣೆ.

ಅಜ್ಜಿಗೆ ಪಾಠ ಹೇಳುವುದು

ಪಾಠ ಅರ್ಥವಾಯಿತೇ ಎಂದು ನೋಡುವುದಕ್ಕೆ ನಾವು ಕಂಡುಕೊಂಡ ದಾರಿ ಶಿಕಾರಿಪುರದ ಅಜ್ಜಿ. ಶಾಲೆಯಲ್ಲಿ ಕೇಳಿದ ಕಥೆಯನ್ನು ಮಗಳು ಫೋನಿನಲ್ಲಿ ಅಜ್ಜಿಗೆ ಕನ್ನಡದಲ್ಲಿ ಹೇಳಬೇಕು. ಅಜ್ಜಿಗೆ ಮರಾಠಿಯ ಗಂಧವೂ ಇಲ್ಲ, ಆದ್ದರಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ.

ಡಿಸೆಂಬರಿನಲ್ಲಿ ಇಲ್ಲಿ ದೇವಮಾಮಲೇದಾರ್ ಯಶವಂತರಾವ್ ಮಹಾರಾಜರ ಯಾತ್ರೆ. ಹತ್ತೊಂಬತ್ತನೇ ಶತಮಾನದಲ್ಲಿ ಸಟಾಣಾದ ಮಾಮಲೇದಾರರಾಗಿದ್ದವರು, ನಮ್ಮ ಕಡೆಯ ಮಾತಿನಲ್ಲಿ ಅಮಲ್ದಾರರು. 1870–71ರ ಬರಗಾಲದಲ್ಲಿ ಸರ್ಕಾರಿ ಖಜಾನೆ ತೆರೆದು ಹಸಿದವರಿಗೆ ಹಂಚಿದರೆಂದು ಊರು ಅವರನ್ನು ದೇವರಂತೆ ಪೂಜಿಸುತ್ತದೆ, ಗುಡಿ ಕಟ್ಟಿದೆ. ಯಾತ್ರೆಯ ಬಗ್ಗೆ ಐದು ಸಾಲು ಬರೆಯುವುದು ಹೋಂವರ್ಕ್. ಮಗಳು ಮೊದಲು ಅಜ್ಜಿಗೆ ಕಥೆ ಹೇಳಿದಳು.

ಅಜ್ಜಿ ಸುಮ್ಮನೆ ಹೂಂಗುಟ್ಟುವವರಲ್ಲ. ‘ಖಜಾನೆ ದುಡ್ಡು ಅವರದ್ದಲ್ವಲ್ಲೇ, ಮೇಲಿನವರು ಬಿಟ್ರಾ?’ ಎಂದರು.

‘ಅದು ಪುಸ್ತಕದಲ್ಲಿಲ್ಲ ಅಜ್ಜಿ.’

‘ಪುಸ್ತಕದಲ್ಲಿ ಇಲ್ದಿದ್ರೆ ಟೀಚರನ್ನ ಕೇಳು.’

ಮರುದಿನ ಅವಳು ಕೇಳಿದಳು. ಬಾಯಿ ಆ ಪ್ರಶ್ನೆಯನ್ನು ಇಡೀ ತರಗತಿಗೆ ಹಾಕಿದರಂತೆ, ಬೇರೆಯವರ ದುಡ್ಡನ್ನು ಯಾವಾಗ ಕೊಡಬಹುದು ಎಂದು ಮಕ್ಕಳಲ್ಲಿ ಜಗಳವೇ ಆಯಿತಂತೆ. ಅವಳು ಬರೆದ ಐದು ಸಾಲಿನಲ್ಲಿ ನಾಲ್ಕು ಎಲ್ಲರೂ ಬರೆದಂಥವೇ. ಐದನೆಯದು ಮಾತ್ರ ಅವಳದೇ. ಆ ಐದನೇ ಸಾಲಿನ ಮರಾಠಿಯಲ್ಲಿ ಎರಡು ಕೆಂಪು ಗುರುತಿದ್ದವು. ಆ ಸಾಲು ಹುಟ್ಟಿದ್ದು ಕನ್ನಡದ ಮಾತುಕತೆಯಲ್ಲಿ. ಮರಾಠಿಯಲ್ಲಿ ಮಾತಾಡಲು ಹೋಗಿದ್ದರೆ ನಾನೂ ಅಜ್ಜಿಯೂ ‘ಛಾನ್ ಛಾನ್’ (ಚೆನ್ನಾಗಿದೆ) ಎಂದು ನಿಲ್ಲಿಸುತ್ತಿದ್ದೆವು.

ಬರುವ ವರ್ಷ ಈ ಕನ್ನಡದ ಮಾತುಕತೆ ಇನ್ನೂ ಬೇಕಾಗುತ್ತದೆ. ಮಹಾರಾಷ್ಟ್ರದ ನಾಲ್ಕನೇ ತರಗತಿಯಲ್ಲಿ ಇತಿಹಾಸವೆಂದರೆ ಶಿವಾಜಿ ಮಹಾರಾಜರ ಕಥೆ. 1672ರಲ್ಲಿ ಮರಾಠರು ಮೊಗಲರ ಸೇನೆಯನ್ನು ಬಯಲಿನಲ್ಲೇ ಎದುರಿಸಿ ಗೆದ್ದ ಸಾಲ್ಹೇರ್ ಇದೇ ತಾಲ್ಲೂಕಿನಲ್ಲಿದೆ. 2025ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹನ್ನೆರಡು ಮರಾಠಾ ಕೋಟೆಗಳಲ್ಲಿ ಅದೂ ಒಂದು. ಕೋಟೆ ಹತ್ತುವಾಗ ಮಗಳು ನಮಗೆ ಕನ್ನಡದಲ್ಲಿ ವಿವರಿಸಲಿ ಎಂಬುದು ನನ್ನ ಆಸೆ.

ಇದ್ದೂ ಗೊತ್ತಿರದ ಕನ್ನಡ ಪುಸ್ತಕ

ಹೊರನಾಡಿನ ಕನ್ನಡ ಪೋಷಕರಲ್ಲಿ ಹಲವರಿಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕು. 1967ರಲ್ಲಿ ಪುಣೆಯಲ್ಲಿ ಶುರುವಾದ ಬಾಲಭಾರತಿ ಕನ್ನಡ ಮಾಧ್ಯಮಕ್ಕೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಕನ್ನಡ ಶಾಲೆಗಳಿವೆ, ಅಲ್ಲಿನ ಮಕ್ಕಳಿಗಾಗಿ. ಅವುಗಳ ಪಿಡಿಎಫ್ ಬಾಲಭಾರತಿಯ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಗಣಿತದಲ್ಲಿ ಅದೇ ಪಾಠ, ಅದೇ ಚಿತ್ರ, ಅದೇ ಲೆಕ್ಕ, ಕನ್ನಡದಲ್ಲಿ. ಮರಾಠಿ ಪುಸ್ತಕ ಮೇಜಿನ ಮೇಲೆ, ಕನ್ನಡದ್ದು ನನ್ನ ಮೊಬೈಲಿನಲ್ಲಿ. ಮಗಳಿಗೆ ಅದನ್ನು ತೋರಿಸುವುದಿಲ್ಲ. ಅವಳು ಹೇಳಿದ್ದು ಸರಿಯೇ ಎಂದು ನಾನು ನೋಡಿಕೊಳ್ಳುವುದಕ್ಕೆ ಇಟ್ಟುಕೊಂಡಿದ್ದೇನೆ.

ಮೊಬೈಲಿನ ಅನುವಾದದ ಆ್ಯಪ್ ಇನ್ನೊಂದಕ್ಕೆ ಬೇಕಾಗುತ್ತದೆ. ಶಾಲೆಯ ವಾಟ್ಸ್ಆ್ಯಪ್ ಗುಂಪಿಗೆ ರಾತ್ರಿ ಒಂಬತ್ತಕ್ಕೆ ‘ನಾಳೆ ಮಕ್ಕಳ ಕೈಲಿ ಹುಣಸೆ ಬೀಜ ಕಳಿಸಿ’ ಎಂಬಂಥ ಸೂಚನೆ ಬಂದಾಗ ಅದೇ ದಿಕ್ಕು. ಹೋಂವರ್ಕಿಗೆ ಅದನ್ನು ಬಳಸಿದರೆ ಮಗುವಿನ ಉತ್ತರ ಹೋಗಿ ಮೊಬೈಲಿನ ಉತ್ತರ ಪುಸ್ತಕಕ್ಕೆ ಇಳಿಯುತ್ತದೆ, ಬಾಯಿಗೆ ಅದು ಒಂದೇ ನೋಟಕ್ಕೆ ತಿಳಿಯುತ್ತದೆ.

ಐರ್ಲೆಂಡಿನ ತಾಯಿಗೂ ನನಗೂ ಇರುವ ವ್ಯತ್ಯಾಸ ಇಲ್ಲಿ ಬರುತ್ತದೆ. ಅವಳ ಮನೆಮಾತು ಇಂಗ್ಲಿಷ್; ಬೀದಿ, ಟಿವಿ, ಅಂಗಡಿ ಎಲ್ಲೆಲ್ಲೂ ಇದೆ, ಅವಳು ಸುಮ್ಮನಿದ್ದರೂ ಮಗುವಿಗೆ ಬರುತ್ತದೆ. ನನ್ನ ಕನ್ನಡಕ್ಕೆ ಸಟಾಣಾದಲ್ಲಿ ಇರುವುದು ಈ ಒಂದು ಮನೆ. ಹಾಗಾಗಿ ಭಾನುವಾರ ಬೆಳಿಗ್ಗೆ ಕನ್ನಡ ಓದು. ದೇವನಾಗರಿಯಲ್ಲಿ ಪಳಗಿದ ಕೈಗೆ ಒತ್ತಕ್ಷರ ವಿಚಿತ್ರ: ಅಲ್ಲಿ ಮೊದಲ ಅಕ್ಷರ ಅರ್ಧವಾಗುತ್ತದೆ, ಇಲ್ಲಿ ಎರಡನೆಯದು ಕೆಳಗಿಳಿಯುತ್ತದೆ. ಎ ಏ, ಒ ಓ ಎಂಬ ಭೇದವೂ ಮರಾಠಿಯ ಬಾರಾಖಡಿಯಲ್ಲಿ, ಅಂದರೆ ಕಾಗುಣಿತದಲ್ಲಿ, ಇಲ್ಲ. ‘ಕೊಡು’ ‘ಕೋಡು’ ಆಗುತ್ತದೆ. ಅದಕ್ಕೆ ಅಂಕವೂ ಇಲ್ಲ, ಬೈಗುಳವೂ ಇಲ್ಲ, ಕಥೆಪುಸ್ತಕ ಮಾತ್ರ.

ಈಗ ಇದನ್ನೆಲ್ಲ ಕರ್ನಾಟಕದಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು. ನಿಮ್ಮಲ್ಲಿಯೂ 2015ರ ಕನ್ನಡ ಭಾಷಾ ಕಲಿಕೆ ಕಾಯಿದೆ ಇದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ, ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸುಗಳಲ್ಲಿ ಒಡಿಯಾ, ಬಂಗಾಳಿ, ಮರಾಠಿ ಮನೆಗಳ ಮಕ್ಕಳು ಕನ್ನಡದ ಹೋಂವರ್ಕ್ ಮುಂದಿಟ್ಟುಕೊಂಡು ಕೂತಿರುತ್ತಾರೆ. ಅವರ ತಾಯಂದಿರಿಗೆ ‘ಮನೆಯಲ್ಲೂ ಕನ್ನಡ ಮಾತಾಡಿ’ ಎಂದು ಬುದ್ಧಿ ಹೇಳಬೇಡಿ. ಪಾಠವನ್ನು ನಿಮ್ಮ ಭಾಷೆಯಲ್ಲಿ ಮಗುವಿನಿಂದ ಹೇಳಿಸಿಕೊಳ್ಳಿ ಎನ್ನಿ. ಆಮೇಲೆ ಮಗುವನ್ನು ನಿಮ್ಮ ಮನೆಗೆ ಕರೆದು ಹತ್ತು ನಿಮಿಷ ಗಟ್ಟಿಯಾಗಿ ಓದಿಸಿ. ತಿದ್ದಬೇಕಾದದ್ದು ತೀರ ಕಡಿಮೆ. ಕೇಳಿಸಿಕೊಳ್ಳುವವರೊಬ್ಬರಿದ್ದಾರೆ ಎಂದು ಗೊತ್ತಾದರೆ ಓದು ತಾನಾಗಿ ನೇರವಾಗುತ್ತದೆ. ನಮ್ಮ ಕಾಕು ಕೂಡ ಇದಕ್ಕಿಂತ ಹೆಚ್ಚಿನದೇನನ್ನೂ ಮಾಡುತ್ತಿಲ್ಲ.